ಮೊದಲ ಕೂಗಿಗೇ ಓಗೊಟ್ಟ ಸಣ್ಣಿ

ಕಾಯ್ಕಿಣಿ ಕ್ರಾಸಿನಲ್ಲಿ ಹೋದ ವರ್ಷ ಒಂದು ಚಪ್ಪಲಿಯ ಬಾರು ಕಿತ್ತುಹೋಯಿತು. ಪ್ರಾಣಹಾನಿ ಆಗಲಿಲ್ಲ. ಚಪ್ಪಲಿ ಸಣ್ಣಿಯದು, ಜೈಲಿನಿಂದ ಬಿಡುವಾಗ ಸನ್ನಡತೆಗೆಂದು ಕೊಟ್ಟದ್ದು.

ಗಂಡನನ್ನು ಕೊಂದ ಕೇಸಿನಲ್ಲಿ ಹನ್ನೊಂದು ವರ್ಷ ಒಳಗಿದ್ದವಳು ಆ ರಾತ್ರಿ ಬಸ್ಸಿಳಿದು ಮನೆಯ ಕಡೆ ನಡೆದಳು. ಅಲ್ಲಿ ಒಬ್ಬಳೇ ಇದ್ದ ಮಗಳು ಮಂಗಲಾ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಒಂದ್ ರಾತ್ರಿ ಇರು. ಬೆಳಗಾದ್ಮೇಲೆ ನೋಡ್ವ."

ಚಟ್... ಚಟ್... ಒಂದೇ ಚಪ್ಪಲಿಯ ಸದ್ದು. ಗದ್ದೆಬಾವಿಯ ರಾಟೆ ಕಿರ್ರ್... ಎಂದಿತು. ಗಾಳಿ ಇರಲಿಲ್ಲ.

"ಸಣ್ಣೀ..."

"ಹಾಜರ್!" ಎಂದಳು ಸಣ್ಣಿ.

ಆ ಕಡೆಯ ಕೂಸಿಗೂ ಗೊತ್ತು: ರಾತ್ರಿ ಯಾರೇ ಕರೆಯಲಿ, ಮೂರನೇ ಕೂಗಿಗೇ ಓಗೊಡಬೇಕು. ದೆವ್ವಕ್ಕೆ ಮೂರು ಸಲ ಕರೆಯಲು ಬರುವುದಿಲ್ಲ. ಆದರೆ ಜೈಲಿನಲ್ಲಿ ಸುಧಾರಣೆ ಎಂದರೆ ಟೈಲರಿಂಗ್, ಭಜನೆ, ಮತ್ತು ಹೆಸರು ಕರೆದ ಕೂಡಲೇ ಹಾಜರ್ ಅನ್ನುವುದು. ಸಣ್ಣಿ ಎಲ್ಲದರಲ್ಲೂ ಪಾಸಾಗಿದ್ದಳು.

ದನಿ ಬಂಗಾರಿಯದು. ಕುಮಟೆಯ ಹೆಂಗಸು, ಜೈಲಿನಲ್ಲಿ ಇವಳ ಪಕ್ಕವೇ ಮಲಗುತ್ತಿದ್ದವಳು. ಅಲ್ಲೇ ಜ್ವರ ಬಂದು ಸತ್ತಳು. ಹೆಣ ಒಯ್ಯಲು ಯಾರೂ ಬರಲಿಲ್ಲ.

ಸಣ್ಣಿ ತಿರುಗಿ ನೋಡಲಿಲ್ಲ. ಹಿಂದೆ ಬರಿಗಾಲಿನ ತಪ್... ತಪ್... ಅಂಗಳದ ತನಕ ಬಂತು.

ಮಂಗಲಾ ಬಾಗಿಲು ತೆಗೆದಳು. ತಾಯಿಯ ಮುಖ ನೋಡಲಿಲ್ಲ, ಹೆಗಲಾಚೆ ನೋಡಿದಳು.

"ಅವ್ವ... ಅದ್ ಯಾರು?"

"ಯಾರೂ ಇಲ್ಲ ಮಗಾ."

"ಸುಳ್ ಹೇಳ್ಬೇಡ. ಮೊದ್ಲನೇ ಕೂಗಿಗೇ ಓ ಅಂದ್ಯಾ?"

"...ಅಭ್ಯಾಸ."

"ಇಷ್ಟು ವರ್ಷ ಕಲ್ತದ್ದು ಇದೇ ಆತು!" ಮಂಗಲಾ ದನಿ ತಗ್ಗಿಸಿದಳು. "ಹೋಗು ಅನ್ನು ಅದಕ್ಕೆ. ಓಗೊಟ್ಟವಳು ಹೇಳಿದ್ರೆ ಹೋಗ್ತದೆ. ಆಮೇಲೆ ನೀ ಇಲ್ಲೇ ಇರು... ಕಡೀ ತನಕ ಇರು."

ಹನ್ನೊಂದು ವರ್ಷ ಸಣ್ಣಿ ಕಾದದ್ದು ಆ ಮಾತಿಗೆ. ಬಾಯಿ ತೆರೆದಳು. ಕತ್ತಲಲ್ಲಿ ಯಾರೋ ಮೂಗು ಸುರ್ರೆಂದು ಎಳೆದುಕೊಂಡರು... ಅಳು ನುಂಗಿದವರ ಹಾಗೆ.

"ಅವ್ಳಿಗೆ ಎಲ್ಲಿಗೆ ಹೋಗು ಅಂತ ಹೇಳ್ಲಿ, ಮಗಾ?"

ಮಂಗಲಾ ಬಾಗಿಲಿನಿಂದ ಸರಿದಳು. ಚಾಪೆ ಹಾಸಿದಳು. ಮನೆಯಲ್ಲಿದ್ದದ್ದು ಎರಡು.

ಬೆಳಿಗ್ಗೆ ಗೋಡೆಗೆ ಒರಗಿಸಿ ಸುತ್ತಿಟ್ಟ ಚಾಪೆ ಮೂರಿದ್ದವು. ನಗುವವರು ನಗಲಿ. ಇದು ನಡೆದದ್ದು. ಪಕ್ಕದ ಮನೆಯ ಉಮಾ ಬಂದು ನೋಡಿದ್ದಾಳೆ, ಮುಟ್ಟಿಯೂ ನೋಡಿದ್ದಾಳೆ. ಮೂರನೆಯದು ಬೆಚ್ಚಗಿತ್ತು.

ಮಂಗಲಾ ಮೊದಲ ಬಸ್ಸಿಗೆ ಸಂತೆಗುಳಿಯ ಸೋದರಮಾವನ ಮನೆಗೆ ಹೋದಳು. ತಿರುಗಿ ಬಂದಿಲ್ಲ.