ಮದ್ದಿಗೆ ಬಗ್ಗದ ಜ್ವರ

ಮಾನ್ಯ ಅಧ್ಯಕ್ಷರೇ, ನನ್ನಲ್ಲಿಲ್ಲದ ಗುಣಗಳನ್ನೂ ಹುಡುಕಿ ಹೊಗಳಿದ ಮುಖ್ಯ ಅತಿಥಿಗಳೇ, ಈ ಹೆರಿಗೆ ಆಸ್ಪತ್ರೆಯ ವೈದ್ಯರೇ, ದಾದಿಯರೇ, ಕಾಫಿಯ ವಾಸನೆ ಬಂದರೂ ಅಲುಗಾಡದೆ ಕುಳಿತಿರುವ ಸಭಿಕರೇ,

ನಿವೃತ್ತಳಾಗುವವಳ ಕೈಗೆ ಮೈಕು ಕೊಡಬಾರದು. ಕೊಟ್ಟಿದ್ದೀರಿ, ಅನುಭವಿಸಿ.

ಕೆಳಮಹಡಿಯ ಪ್ರಯೋಗಾಲಯದಲ್ಲಿ ಗರ್ಭಿಣಿಯರ ಮೂತ್ರದಲ್ಲಿ ರೋಗಾಣು ಹುಡುಕುವುದು ನನ್ನ ಕೆಲಸವಾಗಿತ್ತು. ನನ್ನ ಕೆಲಸವೇನೆಂದು ಕೇಳಿದವರು ಉತ್ತರ ಕೇಳಿ ಮೆಲ್ಲಗೆ ಕುರ್ಚಿ ಸರಿಸಿಕೊಂಡದ್ದುಂಟು. ನನ್ನ ನಾದಿನಿಯೂ ಅವರಲ್ಲೊಬ್ಬಳು. ಅವಳ ಒಪ್ಪಿಗೆ ಪಡೆದೇ ಅವಳ ಕಥೆ ಹೇಳುತ್ತಿದ್ದೇನೆ.

ಏಳು ತಿಂಗಳ ಬಸುರಿಯಾಗಿ ಅವಳು ನಮ್ಮ ಮನೆಗೆ ಬಂದಳು. ನಮ್ಮಿಬ್ಬರ ನಡುವೆ ಮಾತು ಉಪ್ಪು ಕೊಡಿ, ಬಾಗಿಲು ಹಾಕಿ ಎನ್ನುವಷ್ಟೇ. ಮೂತ್ರ ಮಾಡುವಾಗ ಅವಳಿಗೆ ಉರಿ ಶುರುವಾಯಿತು. ನನ್ನ ಹತ್ತಿರ ಹೇಳಲು ಸಂಕೋಚ. ತನ್ನ ತಾಯಿ, ಅಂದರೆ ನನ್ನ ಅತ್ತೆಯವರ ಹತ್ತಿರ ಹೇಳಿದಳಂತೆ. "ಬಸುರೀಲಿ ಇದೆಲ್ಲ ಇದ್ದದ್ದೇ ಕಣೇ, ನೀರು ಕುಡಿ" ಎಂದರಂತೆ. ಅವಳು ಹಿಂದಿನ ಸಲ ಉಳಿಸಿಟ್ಟಿದ್ದ ಮಾತ್ರೆ ನುಂಗಿದಳು. ಉರಿ ನಿಂತ ಕೂಡಲೇ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಎತ್ತಿಡುವುದು ಅವಳ ಅಭ್ಯಾಸ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಅಭ್ಯಾಸವಿಲ್ಲ, ಹೇಳಿ? ಸಾಯುವ ರೋಗಾಣು ಸಾಯುತ್ತದೆ. ಮದ್ದಿಗೆ ಬಗ್ಗದ್ದು ಉಳಿದು ಸಂಸಾರ ಬೆಳೆಸುತ್ತದೆ.

ಒಂದು ಬೆಳಿಗ್ಗೆ ಅವಳು ಬಚ್ಚಲಮನೆಯ ನೆಲದ ಮೇಲೆ ಗಡಗಡ ನಡುಗುತ್ತ ಕುಳಿತಿದ್ದಳು. ಮೈ ಕಾದ ಹೆಂಚು.

"ಅತ್ತಿಗೆ, ಅಣ್ಣಂಗೆ ಹೇಳ್ಬೇಡಿ."

"ನಿಮ್ಮಣ್ಣಂಗೆ ಹೇಳಲ್ಲ, ಡಾಕ್ಟ್ರಿಗೆ ಹೇಳ್ತೀನಿ. ಏಳು."

ಇದೇ ಆಸ್ಪತ್ರೆಗೆ ಕರೆತಂದೆ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಎಂದಿನ ಇಂಜೆಕ್ಷನ್ ಶುರುವಾಯಿತು, ಜ್ವರ ಜಗ್ಗಲಿಲ್ಲ. ಹೊಟ್ಟೆ ಬಿಗಿಯತೊಡಗಿತು. ಹೆರಿಗೆಗೆ ಇನ್ನೂ ಕಾಲವಾಗಿರಲಿಲ್ಲ.

ಕೆಳಗೆ ನಾನು ಅವಳ ಮೂತ್ರದ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನಿಟ್ಟಿದ್ದೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ಬಳೆ ಕಾಣುತ್ತದೆ. ಅವಳು ನುಂಗಿದ್ದ ಮಾತ್ರೆಯ ಬಿಲ್ಲೆಗೆ ಬಳೆಯೇ ಇಲ್ಲ. ಎಂದಿನ ಇಂಜೆಕ್ಷನ್ನಿಗೂ ಇಲ್ಲ. ಎರಡಕ್ಕೆ ಮಾತ್ರ ಇತ್ತು. ಒಂದರಿಂದ ಹೊಟ್ಟೆಯ ಮಗುವಿನ ಕಿವಿಗೆ ಅಪಾಯವಾಗಬಹುದು. ಇನ್ನೊಂದು ರಕ್ತನಾಳಕ್ಕೇ ಕೊಡಬೇಕಾದ ಔಷಧಿ, ನಮ್ಮ ಕೊನೆಯ ಆಸರೆಗಳಲ್ಲೊಂದು. ಪ್ರಯೋಗಾಲಯದವರು ಓಡಬಾರದೆಂಬ ನಿಯಮ ಮಾಡಿದವಳು ನಾನು. ಆ ದಿನ ಮೆಟ್ಟಿಲು ಓಡಿ ಹತ್ತಿದೆ.

ಆ ಎರಡನೆಯ ಔಷಧಿ ರಕ್ತನಾಳಕ್ಕೆ ತೊಟ್ಟಿಕ್ಕುವಾಗ ಅವಳು ಕೇಳಿದಳು, "ಮಗು ಉಳಿಯುತ್ತಾ ಅತ್ತಿಗೆ?"

"ಗೊತ್ತಿಲ್ಲಮ್ಮ. ಈ ಔಷಧಿಗೆ ಆ ರೋಗಾಣು ಸಾಯುತ್ತೆ. ಅಷ್ಟು ಕಣ್ಣಾರೆ ನೋಡಿದೀನಿ."

ಸುಳ್ಳು ಸಮಾಧಾನ ನನಗೆ ಬರುವುದಿಲ್ಲ. ಹಾಗೆ ಜ್ವರ ಬಂದು ಹೊಟ್ಟೆ ಬರಿದಾದರೆ ಹೇಗಿರುತ್ತದೆಂದು ಬಲ್ಲೆ. ನನಗೆ ಬಂದಾಗ ಯಾರೂ ತಟ್ಟೆಯಿಟ್ಟು ನೋಡಿರಲಿಲ್ಲ. ಅದಿರಲಿ, ಅದು ಈ ಸಭೆಯ ವಿಷಯವಲ್ಲ.

ಜ್ವರ ಇಳಿಯಿತು. ಹೊಟ್ಟೆ ಬಿಗಿಯುವುದು ನಿಂತಿತು. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಪರೀಕ್ಷಿಸಿದೆ. ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಖಾಲಿ ತಟ್ಟೆ ನೋಡಿ ಸಂತೋಷಪಡುವವರು ಲೋಕದಲ್ಲಿ ನಾವೊಬ್ಬರೇ ಇರಬೇಕು.

ತುಸು ಬೇಗ, ತುಸು ಸಣ್ಣದಾಗಿ, ಹೆಣ್ಣುಮಗು ಹುಟ್ಟಿತು. ಸದ್ದು ಮಾತ್ರ ಸಣ್ಣದಲ್ಲ. ಸುದ್ದಿ ಕೇಳಿ ವಾರ್ಡಿನ ಬಾಗಿಲಿಗೆ ಹೋಗಿ ನಿಂತೆ.

"ಎತ್ಕೊಳ್ಳಿ ಅತ್ತಿಗೆ."

"ಬೇಡ, ಲ್ಯಾಬಿಂದ ಹಾಗೇ ಬಂದಿದೀನಿ."

"ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬನ್ನಿ. ಅಲ್ಲೀವರೆಗೂ ಅಮ್ಮನ ಕೈಗೂ ಕೊಡಲ್ಲ."

ಹೋದೆ. ಬದಲಾಯಿಸಿಕೊಂಡು ಬಂದೆ. ಇದೇ ಆಸ್ಪತ್ರೆಯಲ್ಲಿ ಅಷ್ಟು ವರ್ಷ ದುಡಿದಿದ್ದರೂ ನಾನು ಒಂದು ಮಗುವನ್ನೂ ಎತ್ತಿಕೊಂಡಿರಲಿಲ್ಲ. ತಲೆಯ ಕೆಳಗೆ ಕೈ ಹೇಗಿಡಬೇಕೆಂದು ನಾದಿನಿಯೇ ತೋರಿಸಿದಳು.

ಮಾತು ಉದ್ದವಾಯಿತು. ಸಹಿಸಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.