ಪೂರ್ವದ ಸುರಂಗದಲ್ಲಿ ಪಶ್ಚಿಮದ ಚೀಟಿ

ನನ್ನ ಹೆಸರು ಮತ್ತು ತಂದೆಯ ಹೆಸರು ದೂರಿನ ಮೊದಲ ಹಾಳೆಯಲ್ಲಿ ಇರುವಂತೆ. ಕೆಲಸದ ಜಾಗದಲ್ಲಿ ಎಲ್ಲರೂ ಎರಡು ದಾರಿ ತಾತ ಎನ್ನುತ್ತಾರೆ. ವಯಸ್ಸು 64 ವರ್ಷ, ವಿಧುರ. ಉದ್ಯೋಗ: ಡೇಟಾ ಸೆಂಟರ್‌ಗಳಿಗೆ ಸ್ಟೋರೇಜ್ ನೆಟ್‌ವರ್ಕಿನ ನಕ್ಷೆ ಹಾಕಿಕೊಡುವುದು. ವಾಸ: ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಮೂರನೇ ಮನೆ, ಮೊದಲ ಮಹಡಿ. ಈ ದಿನ ಬೆಳಿಗ್ಗೆ 10-20ಕ್ಕೆ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ಅಥವಾ ಒಂದು ಒತ್ತಾಯ ಇದ್ದರೂ ಅದಕ್ಕೆ ಒಪ್ಪದೆ, ಈ ಮೂಲಕ ತಿಳಿಸುವುದೇನೆಂದರೆ:

ನಾನು 31 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಸ್ಟೋರೇಜ್ ನೆಟ್‌ವರ್ಕ್ ಎಂದರೇನು ಎಂದು ಹೇಳಿಕೆ ಬರೆದುಕೊಳ್ಳುವ ಪೇದೆಯವರು ಕೇಳಿದ್ದರಿಂದ ಹೇಳುತ್ತೇನೆ. ಅಡುಗೆಮನೆ ಒಂದು ಕಟ್ಟಡದಲ್ಲಿ, ಉಗ್ರಾಣ ಇನ್ನೊಂದರಲ್ಲಿ ಇದೆ ಎಂದಿಟ್ಟುಕೊಳ್ಳಿ. ಕಂಪ್ಯೂಟರುಗಳು ಅಡುಗೆಮನೆ, ಡಿಸ್ಕುಗಳು ಉಗ್ರಾಣ, ನಡುವಿನ ದಾರಿಯೇ ಈ ನೆಟ್‌ವರ್ಕ್. ದಾರಿ ಮುಚ್ಚಿದರೆ ಉಗ್ರಾಣ ತುಂಬಿ ತುಳುಕುತ್ತಿದ್ದರೂ ಒಲೆ ಮುಂದೆ ಕೂತವನು ಉಪವಾಸ. ಆದ್ದರಿಂದ ದಾರಿ ಎರಡಿರಬೇಕು, ಅವೆರಡೂ ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು. ಒಂದು ಕಡೆ ಕೆಟ್ಟರೆ ಎಲ್ಲವೂ ನಿಲ್ಲಬಾರದು, ಇದಕ್ಕೆ ಇಂಗ್ಲಿಷಿನಲ್ಲಿ ನೋ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಎನ್ನುತ್ತಾರೆ. ಅಷ್ಟು ಸಾಕು ಎಂದು ಪೇದೆಯವರು ಹೇಳಿದರು.

ನನ್ನ ಹೆಂಡತಿಯ ತಮ್ಮ, ವಯಸ್ಸು 46, ಕೇಬಲ್ ಎಳೆಯುವ ಗುತ್ತಿಗೆದಾರ, 22 ವರ್ಷದಿಂದ ನನ್ನ ಜೊತೆಗಿದ್ದಾನೆ. ನಾನು ಕಾಗದದ ಮೇಲೆ ಹಾಕಿದ್ದನ್ನು ಅವನು ನೆಲಕ್ಕೆ ಇಳಿಸುತ್ತಾನೆ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ನನ್ನ ಹೆಂಡತಿ. ಅವಳು ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಕೊನೆಯ ವಾರ ನನ್ನನ್ನು ಹತ್ತಿರ ಕರೆದು, ಅವನು ಸ್ವಲ್ಪ ಅವಸರದವನು ಕಣ್ರೀ, ಕೈಬಿಡಬೇಡಿ ಎಂದಿದ್ದಳು. ಆಯಿತು ಎಂದಿದ್ದೆ. ಇದು ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಪೇದೆಯವರು ಪೆನ್ನು ಎತ್ತಿದರು. ಸಂಬಂಧವಿದೆ ಎಂದು ನಾನು ಕೇಳಿಕೊಂಡ ಮೇಲೆ ಬರೆದುಕೊಂಡಿದ್ದಾರೆ.

ಕಳೆದ ವರ್ಷ ದೊಡ್ಡಾಸ್ಪತ್ರೆಯವರು ಸ್ಕ್ಯಾನು, ಎಕ್ಸ್‌ರೇ, ರೋಗಿಗಳ ದಾಖಲೆ ಎಲ್ಲವನ್ನೂ ಹೊಸ ಕಟ್ಟಡದ ಡಿಸ್ಕುಗಳಲ್ಲಿ ಇಡಲು ತೀರ್ಮಾನಿಸಿ ನನ್ನನ್ನು ಕರೆಸಿದರು. ನಾನು ಮೂರು ಬಗೆ ಮುಂದಿಟ್ಟೆನು. ಮೊದಲನೆಯದು, ಆಫೀಸಿನ ಮಾಮೂಲಿ ನೆಟ್‌ವರ್ಕಿನಲ್ಲೇ ಡಿಸ್ಕಿನ ಓಡಾಟವನ್ನೂ ಬಿಡುವುದು. ಇದು ಸಂತೆಬೀದಿಯಲ್ಲಿ ಆಂಬ್ಯುಲೆನ್ಸ್ ಓಡಿಸಿದ ಹಾಗೆ. ಎರಡನೆಯದು, ಡಿಸ್ಕಿಗೇ ಬೇರೆ ಫೈಬರ್ ದಾರಿ, ಆದರೆ ಒಂದೇ. ಮೂರನೆಯದು, ಬೇರೆ ಬೇರೆ ಗೋಡೆ ದಾಟಿ ಹೋಗುವ ಎರಡು ಫೈಬರ್ ದಾರಿ. ಕಂಪ್ಯೂಟರ್ ವಿಭಾಗದ ಮೇಡಂ, ಒಂದನ್ನೇ ಗಟ್ಟಿಯಾಗಿ ಹಾಕಿದ್ರೆ ಆಗಲ್ವಾ ತಾತ ಎಂದು ಕೇಳಿದರು. ನಿಮಗೆ ದೇವರು ಎರಡು ಕಿಡ್ನಿ ಯಾಕೆ ಕೊಟ್ಟ ಮೇಡಂ ಎಂದು ನಾನು ಕೇಳಿದೆನು. ಕೂತಿದ್ದ ಡಾಕ್ಟರುಗಳು ನಕ್ಕರು. ಮೂರನೆಯದೇ ಆಯ್ಕೆಯಾಯಿತು.

ನಕ್ಷೆಯ ಪ್ರಕಾರ ಕೆಂಪು ಕೇಬಲ್ ಪೂರ್ವದ ಸುರಂಗದಲ್ಲಿ 184 ಮೀಟರ್. ನೀಲಿ ಕೇಬಲ್ ಪಶ್ಚಿಮದ ಕಾಂಕ್ರೀಟ್ ಗೋಡೆ ಕೊರೆದು, ಜನರೇಟರ್ ಕೋಣೆ ಸುತ್ತಿ, 262 ಮೀಟರ್. ಕೇಬಲ್ಲಿಗೆ ಕಟ್ಟುವ 48 ಚೀಟಿಗಳನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೇ ಕೈಯಾರೆ ಬರೆದೆನು. 24 ಚೀಟಿಯಲ್ಲಿ ಕೆಂಪು-ಪೂರ್ವ, 24ರಲ್ಲಿ ನೀಲಿ-ಪಶ್ಚಿಮ. ಭಾವಮೈದ ಎದುರು ಕೂತು ಒಂದೊಂದನ್ನೇ ಆರಲು ಹರಡುತ್ತಿದ್ದನು. ಭಾವ, ನಿಮ್ಮ ಅಕ್ಷರಕ್ಕೆ ಕೇಬಲ್ಲೇ ನಾಚ್ಕೊಳ್ಳುತ್ತೆ ಎಂದನು.

ಆರು ತಿಂಗಳ ಹಿಂದೆ, 5ನೇ ತಾರೀಖು ಶುಕ್ರವಾರ, ಕೆಲಸ ಒಪ್ಪಿಸಿಕೊಳ್ಳುವ ದಿನ. ನನ್ನದು ಮೂರು ಪದ್ಧತಿ: ಕಿತ್ತು ನೋಡುವುದು, ನೆಲದಡಿ ನೋಡುವುದು, ಉದ್ದ ನೋಡುವುದು. 11-05ಕ್ಕೆ ಕೆಂಪು ಕೇಬಲ್ ಕಿತ್ತೆನು, ಪರದೆಯ ಮೇಲೆ ಸ್ಕ್ಯಾನು ನಿಲ್ಲಲಿಲ್ಲ. ಅದನ್ನು ಸಿಕ್ಕಿಸಿ 11-15ಕ್ಕೆ ನೀಲಿ ಕಿತ್ತೆನು, ಆಗಲೂ ನಿಲ್ಲಲಿಲ್ಲ. ಆಮೇಲೆ ಕೇಬಲ್ ಮುಚ್ಚಿದ ನೆಲದ ಹಲಗೆ ಎತ್ತುವ ರಬ್ಬರ್ ಹಿಡಿ ತೆಗೆದುಕೊಂಡು ಪಶ್ಚಿಮದ ಗೋಡೆಯ ಕಡೆ ಹೊರಟೆನು. ಭಾವಮೈದ ಹಿಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊಣಕಾಲು ಬಗ್ಗಿಸಬೇಡಿ ಭಾವ, ಅಕ್ಕ ಇದ್ದಿದ್ರೆ ನನ್ನ ಚರ್ಮ ಸುಲಿತಿದ್ಳು ಎಂದನು. ಕುರ್ಚಿ ಹಾಕಿಕೊಟ್ಟನು. ನಾನು ಕೂತಲ್ಲಿಂದ ಗೋಡೆಗೆ 9 ಮೀಟರ್. ಅವನು ಹಲಗೆ ಎತ್ತಿ ಬಗ್ಗಿ ನೋಡಿ, ನೀಲಿ ಪಶ್ಚಿಮಕ್ಕೇ ಹೋಗಿದೆ, ಗೆರೆ ಎಳೆದಂಗೆ ಎಂದು ಕೂಗಿ ಹೇಳಿದನು.

ಬೆಳಕು ಬಿಟ್ಟು ಉದ್ದ ಅಳೆಯುವ ಯಂತ್ರದ ಹಾಳೆಯನ್ನೂ ಅವನೇ ತಂದುಕೊಟ್ಟನು. ನೀಲಿ 262.0 ಮೀಟರ್ ಎಂದಿತ್ತು. ನಕ್ಷೆಯಲ್ಲಿ 262 ಇದ್ದ ಕೇಬಲ್ ನೆಲದಲ್ಲಿ 265 ಆಗುತ್ತದೆ, 270 ಆಗುತ್ತದೆ. ಮೂಲೆಯಲ್ಲಿ ಬಳುಕುತ್ತದೆ, ತುದಿಯಲ್ಲಿ ಸುತ್ತಿ ಬಿಡುತ್ತೇವೆ. ನಕ್ಷೆಯಷ್ಟೇ ಉದ್ದದ ಕೇಬಲನ್ನು ನಾನು 31 ವರ್ಷದಲ್ಲಿ ಕಂಡಿಲ್ಲ. ಅಂದು ಆ ಅಂಕಿ ನೋಡಿ ನನಗೆ ಅನುಮಾನ ಬರಲಿಲ್ಲ, ಸಂತೋಷವಾಯಿತು. ಹುಡುಗ ಎಷ್ಟು ಚೊಕ್ಕಟವಾಗಿ ಮಾಡಿದ್ದಾನೆ, ಅವಳು ನೋಡಬೇಕಿತ್ತು ಎಂದುಕೊಂಡೆನು. 11-40ಕ್ಕೆ ರುಜು ಹಾಕಿದೆನು. ಟ್ರಸ್ಟ್ ಬಟ್ ವೆರಿಫೈ ಎಂದೋ, ವೆರಿಫೈ ಬಟ್ ಟ್ರಸ್ಟ್ ಎಂದೋ ನಮ್ಮ ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು. ಯಾವುದು ಮೊದಲು ಎಂಬುದು ಮಾತ್ರ ನೆನಪಿಲ್ಲ. ಬೇರೆಲ್ಲ ನೆನಪಿದೆ.

ಈ ತಿಂಗಳ 9ನೇ ತಾರೀಖು ಮಂಗಳವಾರ ಮಧ್ಯಾಹ್ನ 2-10ಕ್ಕೆ, ಪೂರ್ವದ ಸುರಂಗದಲ್ಲಿ ನೀರಿನ ಕೊಳವೆ ಕೆಲಸದವರ ಕೊರೆಯುವ ಯಂತ್ರ ಕೇಬಲ್ಲಿಗೆ ತಗುಲಿತು. ಆಸ್ಪತ್ರೆಯ ಎಲ್ಲ ಪರದೆಗಳೂ ನಿಂತವು. 2-26ಕ್ಕೆ ಮೇಡಂ ಫೋನು ಮಾಡಿದರು. 2-51ಕ್ಕೆ ತಲುಪಿದೆನು. ಭಾವಮೈದನಿಗೆ ಫೋನು ಮಾಡಿದಾಗ, ನೀವು ಕೆಳಗೆ ಇಳೀಬೇಡಿ, ನಾನು ಬರೋತನಕ ಕಾಯಿರಿ ಎಂದು ಮೂರು ಸಲ ಹೇಳಿದನು. ಕೆಂಪು ತುಂಡಾದರೆ ನೀಲಿ ಯಾಕೆ ನಿಂತಿತು ಎಂಬುದು ನನಗೆ ತಿಳಿಯಬೇಕಿತ್ತು. ಇಳಿದೆನು. 27 ಮೆಟ್ಟಿಲು. ಬಾಗಿಲಿನಿಂದ 62 ಮೀಟರ್ ಒಳಗೆ ಎರಡು ಕೇಬಲ್‌ಗಳು ಒಂದೇ ಪಟ್ಟಿಯಲ್ಲಿ ಬಿಗಿದು, ಒಂದೇ ಏಟಿಗೆ ತುಂಡಾಗಿದ್ದವು. ಒಂದರ ಚೀಟಿಯಲ್ಲಿ ಕೆಂಪು-ಪೂರ್ವ ಎಂದಿತ್ತು. ಇನ್ನೊಂದರಲ್ಲಿ ನೀಲಿ-ಪಶ್ಚಿಮ ಎಂದಿತ್ತು. ಎರಡೂ ನನ್ನ ಅಕ್ಷರ.

ಭಾವಮೈದ 3-20ಕ್ಕೆ ಬಂದನು. ಅವನು ಕೂತು ಕೇಬಲ್ ಜೋಡಿಸತೊಡಗಿದನು, ನಾನು ಟಾರ್ಚ್ ಹಿಡಿದೆನು. ಸುಮಾರು 4-15ಕ್ಕೆ ಅವನೇ ಬಾಯಿಬಿಟ್ಟನು. ಪಶ್ಚಿಮದ ಗೋಡೆ ಕೊರೆಯಲು 11 ದಿನ ಬೇಕಿತ್ತಂತೆ. ಕೊಟ್ಟ ತಾರೀಖು ತಪ್ಪುತ್ತಿತ್ತಂತೆ. ಉದ್ದದ ಹಾಳೆಯನ್ನು ನಕ್ಷೆ ನೋಡಿ ತಾನೇ ಟೈಪು ಮಾಡಿದೆ ಎಂದನು. ನೆಲದಡಿ ಯಾರು ನೋಡ್ತಾರೆ ಭಾವ ಎಂದನು. ನಾನು ನೋಡುತ್ತಿದ್ದೆ ಎಂದೆನು. ಅದಕ್ಕೇ ಕುರ್ಚಿ ಹಾಕಿದ್ದು ಎಂದು ತಲೆ ತಗ್ಗಿಸಿದನು. ಎರಡು ದಿನ ಕೊಡಿ, ನಾನೇ ಮೇಡಂ ಹತ್ರ ಹೋಗಿ ಒಪ್ಕೋತೀನಿ, ಅಕ್ಕನಾಣೆ ಎಂದನು. ನಾನು ಕೊಟ್ಟೆನು. 5-50ಕ್ಕೆ ಪರದೆಗಳು ಬಂದವು.

ಈ 3 ಗಂಟೆ 40 ನಿಮಿಷದಲ್ಲಿ ಆಪರೇಷನ್ ಟೇಬಲ್ ಮೇಲೆ ಒಬ್ಬ ಹೆಂಗಸು ಇದ್ದರು. ಸ್ಕ್ಯಾನು ಕಾಣದೆ ಡಾಕ್ಟರುಗಳು ಅರ್ಧಕ್ಕೇ ಹೊಲಿಗೆ ಹಾಕಿ, ಮರುದಿನ ಎರಡನೇ ಸಲ ಕೊಯ್ದರು. ಜೀವಕ್ಕೆ ಅಪಾಯವಿಲ್ಲ, ಇನ್ನೂ ಎದ್ದು ಕೂತಿಲ್ಲ. ದೂರು ಕೊಟ್ಟವರು ಅವರ ಗಂಡ. ನಾನು ಮೇಲೆ ಬಂದಾಗ ಅವರು ಹೆಂಡತಿಯ ಕನ್ನಡಕವನ್ನು ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ಕೂತಿದ್ದರು. ಎರಡು ದಾರಿ ಹಾಕಿದೋರು ನೀವೇನಾ ಎಂದು ಕೇಳಿದರು.

11ನೇ ತಾರೀಖು ಗುರುವಾರ 10-30ಕ್ಕೆ ಆಸ್ಪತ್ರೆಯಲ್ಲಿ ವಿಚಾರಣೆ ನಡೆಯಿತು. ಭಾವಮೈದ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದನು. ಮೇಡಂ ಕೇಳಿದಾಗ ಎದ್ದು ನಿಂತು, ನೀಲಿಯನ್ನೂ ಸುರಂಗಕ್ಕೇ ಹಾಕು ಅಂತ ಬಾಯಲ್ಲಿ ಹೇಳಿದ್ದು ಭಾವನೇ ಎಂದನು. ಅಕ್ಕ ಹೋದ ಮೇಲೆ ಇವರಿಗೆ ನೆನಪು ನಿಲ್ತಿಲ್ಲ ಮೇಡಂ, ತಪ್ಪು ತಿಳ್ಕೋಬೇಡಿ, ಒಬ್ಬರೇ ಇದ್ದರೂ ಮನೇಲಿ ಇನ್ನೂ ಎರಡು ತಟ್ಟೆ ಹಾಕ್ತಾರೆ ಎಂದನು. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಎರಡು ತಟ್ಟೆ ಹಾಕುವುದು ನಿಜ. ಎರಡನೆಯದು ಅವನದು. ಹೆಂಡತಿ ಹೋದ ಮೇಲೆ ಅವನು ವಾರಕ್ಕೆ ನಾಲ್ಕು ದಿನ ನಮ್ಮಲ್ಲೇ ಊಟ ಮಾಡುತ್ತಾನೆ. ಇದನ್ನು ನಾನು ಆ ಸಭೆಯಲ್ಲಿ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಬರೆದುಕೊಳ್ಳಿ ಎಂದೆನು. ಗಾದೆಗೆ ಯಾವ ಕಲಮೂ ಇಲ್ಲ ಎಂದು ಪೇದೆಯವರು ಹೇಳಿದರು.

12ನೇ ತಾರೀಖು ಬೆಳಿಗ್ಗೆ ನಾನು ಮೇಡಂ ಎದುರಿನಲ್ಲೇ ನೀಲಿ ಕೇಬಲ್ ಅಳೆದೆನು. 187 ಮೀಟರ್. ಆ ಹಾಳೆಯನ್ನೂ, 262.0 ಎಂದಿದ್ದ ಹಳೆಯ ಹಾಳೆಯನ್ನೂ ಈ ದಿನ ಹಾಜರುಪಡಿಸಿದ್ದೇನೆ. ಅದೇ ದಿನ ಮಧ್ಯಾಹ್ನ 1-30ಕ್ಕೆ ಭಾವಮೈದ ಊಟಕ್ಕೆ ಬಂದನು. ನಾನು ತಟ್ಟೆ ಹಾಕಿದೆನು. ಅವನು ಊಟ ಮುಗಿಸಿ, ಪೊಲೀಸರು ಕೇಳಿದ್ರೆ ಮರೆತೆ ಅಂದ್ಬಿಡಿ ಭಾವ, ಈ ವಯಸ್ಸಿಗೆ ನಿಮ್ಮನ್ನ ಯಾರೂ ಒಳಗೆ ಹಾಕಲ್ಲ, ನನಗೆ ಇನ್ನೂ ಇಪ್ಪತ್ತು ವರ್ಷ ದುಡಿಮೆ ಇದೆ, ಅಕ್ಕನಿಗೆ ಏನು ಮಾತು ಕೊಟ್ಟಿದ್ರಿ ಎಂದು ಕೇಳಿದನು. ನಾನು ಅವನ ತಟ್ಟೆ ತೊಳೆದಿಟ್ಟೆನು. ಅವನು ಅದನ್ನು ಒಪ್ಪಿಗೆ ಎಂದುಕೊಂಡಿರಬೇಕು.

ನಾನು ಮರೆತಿಲ್ಲ. ನೀಲಿಯನ್ನು ಸುರಂಗಕ್ಕೆ ಹಾಕು ಎಂದು ನಾನು ಯಾವತ್ತೂ ಹೇಳಿಲ್ಲ. ಮೇಲಿನ ಗಂಟೆ, ನಿಮಿಷ, ಮೀಟರ್ ಎಲ್ಲವನ್ನೂ ಯಾವ ಚೀಟಿಯನ್ನೂ ನೋಡದೆ ಹೇಳಿದ್ದೇನೆ, ಪೇದೆಯವರೇ ಸಾಕ್ಷಿ. ನೋಡದೆ ರುಜು ಹಾಕಿದ ತಪ್ಪು ನನ್ನದು, ಅದಕ್ಕೆ ಕಾನೂನು ಹೇಳಿದ್ದನ್ನು ಅನುಭವಿಸಲು ಸಿದ್ಧನಿದ್ದೇನೆ.

ಮೊಣಕಾಲು ನೋವೆಂದು ಈ ದಿನ ನನ್ನನ್ನು ಸ್ಕೂಟರಿನಲ್ಲಿ ಠಾಣೆಗೆ ಕರೆತಂದವನು ಅವನೇ. ಈಗ ಬಾಗಿಲಿನಿಂದ 6 ಮೀಟರ್ ದೂರದ ಬೆಂಚಿನ ಮೇಲೆ ನನಗಾಗಿ ಕಾಯುತ್ತಿದ್ದಾನೆ. ಅವನ ಎರಡನೇ ಹೆಲ್ಮೆಟ್ ಇಷ್ಟು ಹೊತ್ತು ನನ್ನ ತೊಡೆಯ ಮೇಲಿತ್ತು. ಅದು ನನ್ನ ಹೆಂಡತಿಯ ಅಳತೆಯದು, ನನಗೆ ಬಿಗಿ. ಅದನ್ನು ಅವನಿಗೆ ತಲುಪಿಸಬೇಕೆಂದು ಪೇದೆಯವರಲ್ಲಿ ಕೋರಿ ಇಲ್ಲೇ ಮೇಜಿನ ಮೇಲೆ ಬಿಟ್ಟಿದ್ದೇನೆ. ಮನೆಗೆ 2.3 ಕಿಲೋಮೀಟರ್. ನಡೆದು ಹೋಗುತ್ತೇನೆ.

ಹೇಳಿಕೆಯನ್ನು ಓದಿ ಹೇಳುತ್ತೇನೆ, ಕೇಳಿ ರುಜು ಹಾಕಿ ಎಂದು ಪೇದೆಯವರು ಹೇಳಿದರು. ಬೇಡವೆಂದು ಹಾಳೆಗಳನ್ನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ನಾನೇ ಓದಿದ್ದೇನೆ. ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಪೊಲೀಸ್ ಠಾಣೆ, ಬರವಣಿಗೆಯ ಕೋಣೆ
ದಿನಾಂಕ: 13, ಶನಿವಾರ, 12-35
(ರುಜು)