ಅಪ್ಪಟ ಕೈಕೆತ್ತನೆ

ದೀಪ ಸಣ್ಣದು ಮಾಡಿ, ಹೇಳ್ತೀನಿ. ಕಟ್ಟುಕತೆ ಅಂದ್ಕೋಬೇಡಿ... ನಮ್ಮ ಚಿಕ್ಕಮ್ಮನ ಅಳಿಯನಿಗೇ ಆಗಿದ್ದು. ಬಟನ್ ಭಾವ ಅಂತ ಕರೀತೀವಲ್ಲ, ಅವನಿಗೇ.

ಅವತ್ತು ರಾತ್ರಿ ಮರಗೆಲಸದ ಶೆಡ್ಡಿಗೆ ಬೀಗ ಹಾಕಿ ಮನೆ ಕಡೆ ಹೊರಟಿದ್ದ. ಹಾಳುಬಾವಿ ಪಕ್ಕದ ದಾರಿ. ಶಿಳ್ಳೆ ಹಾಕ್ಕೊಂಡು ಬರ್ತಿದ್ದ, ಏನೋ ಸಾಧಿಸಿದವನ ಹಾಗೆ! ಶೆಡ್ಡು ಅವನ ಮಾವಂದು, ಅಂದರೆ ನಮ್ಮ ಚಿಕ್ಕಪ್ಪಂದು. ಬಾಗಿಲ ಮೇಲೆ ಒಂದು ಬಳ್ಳಿ ಕೆತ್ತೋಕೆ ಅವರಿಗೆ ಒಂದು ತಿಂಗಳು ಬೇಕಿತ್ತು. ಅವರು ತೀರಿಕೊಂಡು ಹದಿನೈದು ದಿನ ಆಗಿಲ್ಲ, ಈ ಮಹಾಶಯ ಉಳಿಗಳನ್ನೆಲ್ಲ ಗುಜರಿಗೆ ಹಾಕಿ ಮರ ಕೆತ್ತೋ ಕಂಪ್ಯೂಟರ್ ಮೆಷಿನ್ ತಂದ. ಮಾವನ ಬಳ್ಳಿಯನ್ನೇ ಸ್ಕ್ಯಾನ್ ಮಾಡಿ ದಿನಕ್ಕೆ ನಾಲ್ಕು ಬಾಗಿಲು ಇಳಿಸಿದ.

"ಮುದುಕ ಜೀವಮಾನವೆಲ್ಲ ಕೆರೆದ. ನಾನು ಬಟನ್ ಒತ್ತಿ ಟೀ ಕುಡಿದು ಬರ್ತೀನಿ" ಅಂತ ಹೆಂಡತಿ ಎದುರಿಗೇ ಹೇಳ್ತಿದ್ದ. ಸಾಲದ್ದಕ್ಕೆ ಶೆಡ್ಡಿನ ಮುಂದೆ ಬೋರ್ಡು: 'ಅಪ್ಪಟ ಕೈಕೆತ್ತನೆ'. ಕೈ ಅಂತೆ ಕೈ! ಒಂದು ಮೊಳೆ ಹೊಡೆಯೋಕೂ ಆಳು ಕರೆಯೋ ಕೈ.

ಬಾವಿ ಹತ್ತಿರ ಬಂದಾಗ... ಟಕ್.

ನಿಂತ.

ಟಕ್, ಟಕ್... ಆಮೇಲೆ ಸರ್ರ್ ಅಂತ ಮರ ಸುಲಿದ ಸದ್ದು. ಕೊಡತಿ ಉಳಿ ಮೇಲೆ ಬೀಳ್ತಿತ್ತು. ಬಾವಿಕಟ್ಟೆ ಮೇಲೆ ಯಾರೋ ಬೆನ್ನು ಹಾಕಿ ಕೂತಿದ್ದರು.

"ಯಾ... ಯಾರದು?"

"ಬನ್ನಿ, ಅಳಿಯಂದಿರೇ" ಅಂತು ಪಿಸುದನಿ.

ಮಾವ ಬದುಕಿದ್ದಾಗ ಹಾಗೆ ಬಹುವಚನ ಹಾಕಿ ಕರೀತಿದ್ದದ್ದು ಮೈಯೆಲ್ಲ ಉರಿದಾಗ ಮಾತ್ರ. ಓಡೋಣ ಅಂದರೆ ಭಾವನ ಕಾಲು ಮಾತು ಕೇಳಲಿಲ್ಲ, ಹತ್ತಿರಕ್ಕೇ ಕರಕೊಂಡು ಹೋಯಿತು. ಮಾವನ ತೊಡೆ ಮೇಲಿದ್ದದ್ದು ಸಂಜೆ ಮೆಷಿನ್ನಿಂದ ಇಳಿಸಿದ ಹಲಗೆ. ಬೀಗ ಹಾಕಿದ ಶೆಡ್ಡಿನೊಳಗಿದ್ದ ಹಲಗೆ...

"ಈ ಎಲೆ ಕೆಳಗೆ ಬೆರಳು ಹಾಕಿ."

ಹಾಕಿದ. ಬೆರಳು ಹೋಗಲಿಲ್ಲ.

"ಯಾಕೆ ಹೋಗ್ತಿಲ್ಲ?"

"ಮೆಷಿನ್... ಮೇಲಿಂದ ಮಾತ್ರ ಕೊರೆಯುತ್ತೆ, ಮಾವ."

"ಮತ್ತೆ ಎಲೆಗೆ ನೆರಳೆಲ್ಲಿಂದ ಬರಬೇಕು? ಇದು ಎಲೆಯಾ? ಗೋಡೆಗೆ ಮೆತ್ತಿದ ಕೆಸರು."

ಅವನ ಕೈಗೆ ಒಂದು ಉಳಿ ಬಂತು. ಕೊರೆಯೋಷ್ಟು ತಣ್ಣಗೆ.

"ಬೋರ್ಡು ಹಾಕಿದ್ದೀರಲ್ಲ... ಕೆತ್ತಿ."

ಭಾವ ಉಳಿಯನ್ನ ತಲೆಕೆಳಗಾಗಿ ಹಿಡಿದ. ಸತ್ತವರ ಮುಂದೆಯೂ ಮಾನ ಹೋಯಿತು ನೋಡಿ! ಕತ್ತಲಲ್ಲಿ ಒಂದು ನಗು... ಹ್ಹ... ಹ್ಹ...

"ಥೂ. ಹೆದರಿಸೋಕೂ ಲಾಯಕ್ಕಿಲ್ಲ. ಹೋಗಿ."

ಹೇಗೆ ಮನೆ ಸೇರಿದನೋ ಅವನಿಗೇ ಗೊತ್ತಿಲ್ಲ. ಹೆಂಡತಿ ಬಾಗಿಲು ತೆಗೆದಳು.

"ನಿ... ನಿಮ್ಮಪ್ಪ..." ಅಂದ.

ಅವಳು ಬೆಚ್ಚಲಿಲ್ಲ. "ಅಪ್ಪ ನಿಮ್ಮ ಕೆಲಸ ನೋಡಿದ್ರಾ? ಏನಂದ್ರು?" ಅಂತ ಮೆಲ್ಲಗೆ ಕೇಳಿದಳು. ಇವನು ಕಂಬಳಿ ಎಳಕೊಂಡ. ಬೆಳಕು ಹರಿಯೋ ಮುಂಚೆ ಅವಳೇ ಏಣಿ ಹಾಕಿ, ಬೋರ್ಡಿನಲ್ಲಿ 'ಅಪ್ಪಟ ಕೈ' ಅನ್ನೋದರ ಮೇಲೆ ಬಣ್ಣ ಬಳಿದು ಬಂದಳು. ಉಳಿದದ್ದು ಬರೀ 'ಕೆತ್ತನೆ'.

ಅದೆಲ್ಲ ಇರಲಿ... ಆ ಬೆಳಗ್ಗೆಯಿಂದ ಅವನ ಅಂಗೈಯಲ್ಲಿ ದಪ್ಪ ಜಡ್ಡು. ನಲವತ್ತು ವರ್ಷ ಉಳಿ ಹಿಡಿದವರಿಗೆ ಬರುತ್ತಲ್ಲ, ಅಂಥದ್ದು. ಡಾಕ್ಟರು ಕೆರೆದು ತೆಗೆದರು. ವಾರದಲ್ಲಿ ಮತ್ತೆ ಬಂತು. ಜಡ್ಡು ಬಂತೇ ಹೊರತು ಕೆಲಸ ಬರಲಿಲ್ಲ, ಬಿಡಿ. ಆದರೆ ನಾನೇ ಮುಟ್ಟಿ ನೋಡಿದ್ದೀನಿ... ಮರದಷ್ಟು ಗಟ್ಟಿ.